ಜೀರ್ಣಾಂಗ ವೈದ್ಯಶಿಕ್ಷಣ ನಡೆದುಬಂದ ದಾರಿ

ಈ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಜೀರ್ಣಾಂಗ ತಜ್ಞನಾದವನು ನಾನು. "ಹೊಟ್ಟೆಗೆ ಬೇರೆ ಡಾಕ್ಟರ್ ಯಾಕೆ, ಅಷ್ಟು ವರ್ಷ ಓದೋದು ಯಾಕೆ?" ಎಂದು ಊರಿನವರು ಕೇಳುವುದುಂಟು. ಇದಕ್ಕೆ ಉತ್ತರ ಇತಿಹಾಸದಲ್ಲಿದೆ.

1822ರಲ್ಲಿ ಅಮೆರಿಕದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನ ಹೊಟ್ಟೆಗೆ ಗುಂಡು ತಗುಲಿತು. ಗಾಯ ಮಾಯ್ದರೂ ಜಠರಕ್ಕೆ ತೂತು ಉಳಿಯಿತು. ಸೇನಾವೈದ್ಯ ವಿಲಿಯಂ ಬ್ಯೂಮಾಂಟ್ ಆ ತೂತಿನ ಮೂಲಕವೇ ಆಹಾರ ಜೀರ್ಣವಾಗುವುದನ್ನು ನೋಡಿ 1833ರಲ್ಲಿ ಪುಸ್ತಕ ಬರೆದರು. 1868ರಲ್ಲಿ ಜರ್ಮನಿಯ ಕುಸ್‌ಮಾಲ್ ಕತ್ತಿ ನುಂಗುವ ಕಲಾವಿದನೊಬ್ಬನ ಗಂಟಲಿನಲ್ಲಿ ನೇರವಾದ ಕೊಳವೆ ಇಳಿಸಿ ಜಠರದೊಳಗೆ ಇಣುಕಲು ಯತ್ನಿಸಿದರು. 1957ರಲ್ಲಿ ಹಿರ್ಷೊವಿಟ್ಜ್ ಗಾಜಿನ ಎಳೆಗಳಿಂದಾದ, ಬಾಗುವ ಎಂಡೋಸ್ಕೋಪ್ ತಂದರು. ಅಲ್ಲಿಂದ ಮುಂದೆ ಪುಸ್ತಕದ ಓದಷ್ಟೇ ಸಾಲಲಿಲ್ಲ, ಕೈಯೂ ಪಳಗಬೇಕಾಯಿತು. ಭಾರತದಲ್ಲಿ ಈ ಕ್ಷೇತ್ರದ ವೈದ್ಯರು 1960ರಲ್ಲಿ ತಮ್ಮದೇ ಸಂಘ ಕಟ್ಟಿಕೊಂಡರು. ಮುಂದೆ ಡಿ.ಎಂ. ಎಂಬ ಪ್ರತ್ಯೇಕ ಪದವಿಯೂ ಬಂತು.

ಈಗಿನ ದಾರಿ ಹೀಗಿದೆ. ಪಿಯುಸಿ ವಿಜ್ಞಾನದ ನಂತರ ನೀಟ್ ಪರೀಕ್ಷೆ. ಎಂ.ಬಿ.ಬಿ.ಎಸ್. ನಾಲ್ಕೂವರೆ ವರ್ಷ, ಇಂಟರ್ನ್‌ಶಿಪ್ 1 ವರ್ಷ, ಜನರಲ್ ಮೆಡಿಸಿನ್‌ನಲ್ಲಿ ಎಂ.ಡಿ. 3 ವರ್ಷ, ಮತ್ತೊಂದು ಪ್ರವೇಶ ಪರೀಕ್ಷೆ ಬರೆದು ಡಿ.ಎಂ. 3 ವರ್ಷ. ಒಟ್ಟು ಹನ್ನೊಂದೂವರೆ ವರ್ಷ. ಶಸ್ತ್ರಚಿಕಿತ್ಸೆ ಮಾಡಬಯಸುವವರದು ಎಂ.ಎಸ್., ಎಂ.ಸಿಎಚ್. ದಾರಿ.

ನಡುವೆ ಎಂ.ಡಿ. ಏಕೆ? ಮೇಲುಹೊಟ್ಟೆಯ ಉರಿ ಕೆಲವೊಮ್ಮೆ ಹೃದಯಾಘಾತದ ಸೂಚನೆಯಾಗಿರುತ್ತದೆ. ಇಡೀ ದೇಹವನ್ನು ಅರಿಯದವರು ಹೊಟ್ಟೆಯನ್ನೂ ಅರಿಯಲಾರರು. ಡಿ.ಎಂ. ವರ್ಷಗಳಲ್ಲಿ ಎಂಡೋಸ್ಕೋಪಿ, ಕೊಲೊನೋಸ್ಕೋಪಿ, ಯಕೃತ್ತಿನ ರೋಗಗಳನ್ನು ಕಲಿಯುತ್ತೇವೆ. ರಕ್ತವಾಂತಿಯಾಗಿ ನಡುರಾತ್ರಿ ಬಂದವರ ರಕ್ತಸ್ರಾವ ನಿಲ್ಲಿಸುವುದನ್ನೂ ಅಲ್ಲೇ ಕಲಿಯುತ್ತೇವೆ.

ಪದವಿ ಬಂದರೂ ಓದು ಮುಗಿಯುವುದಿಲ್ಲ. ಜಠರದ ಹುಣ್ಣಿಗೆ ಚಿಂತೆ, ಖಾರಗಳೇ ಕಾರಣವೆಂದು ಬಹುಕಾಲ ನಂಬಲಾಗಿತ್ತು. 1984ರಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ತಾವೇ ಬ್ಯಾಕ್ಟೀರಿಯಾ ಕುಡಿದು ಜಠರದ ಉರಿಯೂತ ಬರಿಸಿಕೊಂಡರು. ಬಹುಪಾಲು ಹುಣ್ಣುಗಳಿಗೆ ಆ ಬ್ಯಾಕ್ಟೀರಿಯಾ ಮುಖ್ಯ ಕಾರಣವೆಂದು ಮುಂದೆ ಖಚಿತವಾಯಿತು. 2005ರಲ್ಲಿ ಅವರಿಗೂ ರಾಬಿನ್ ವಾರೆನ್ ಅವರಿಗೂ ನೊಬೆಲ್ ಬಂತು.

ವಿದ್ಯಾರ್ಥಿಗಳೇ, 2017ರಿಂದ ನೀಟ್ ಅನ್ನು ಕನ್ನಡದಲ್ಲೂ ಬರೆಯಬಹುದು. ಮುಂದಿನ ಪಾಠಗಳು ಇಂಗ್ಲಿಷಿನಲ್ಲಿರುವುದರಿಂದ ಈಗಿನಿಂದಲೇ ಅದನ್ನೂ ರೂಢಿಸಿಕೊಳ್ಳಿ. ಆದರೆ ಎದೆಯುರಿ, ಹುಳಿತೇಗು, ಹೊಟ್ಟೆಯುಬ್ಬರ ಎಂದು ರೋಗಿ ಹೇಳುವ ಮಾತು ನಿಮಗೆ ಹುಟ್ಟಿನಿಂದಲೇ ಗೊತ್ತು. ನನ್ನ ಕೆಲಸದಲ್ಲಿ ಅರ್ಧ ರೋಗ ತಿಳಿಯುವುದು ಆ ಮಾತುಗಳನ್ನು ತಾಳ್ಮೆಯಿಂದ ಕೇಳಿದಾಗಲೇ.