ಮೈದಾನದಿಂದ ನ್ಯಾಯಪೀಠಕ್ಕೆ

ವೃತ್ತಿಪರ ಕ್ರೀಡಾಪಟುವಿನ ಆಟದ ಆಯುಷ್ಯ ಬಹು ಅಲ್ಪ. ಆಮೇಲಿನ ದೀರ್ಘ ಬಾಳಿಗೆ ಆಧಾರವೇನೆಂಬ ಪ್ರಶ್ನೆಯನ್ನು ಅಮೆರಿಕದ ಅಲನ್ ಪೇಜ್ ಆಡುತ್ತಿರುವಾಗಲೇ ಕೇಳಿಕೊಂಡರು. 1945ರಲ್ಲಿ ಜನಿಸಿದ ಈ ಕಪ್ಪು ವರ್ಣೀಯರು ಕಥೋಲಿಕ ವಿಶ್ವವಿದ್ಯಾನಿಲಯವಾದ ನಾಟರ್ ಡೇಮ್‌ನಲ್ಲಿ ಓದಿ, 1967ರಲ್ಲಿ ಮಿನ್ನೆಸೋಟ ವೈಕಿಂಗ್ಸ್ ತಂಡವನ್ನು ಸೇರಿದರು. ಅವರದು ಅಮೆರಿಕನ್ ಫುಟ್‌ಬಾಲ್. ನಮ್ಮ ಕಾಲ್ಚೆಂಡಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಆಟ. 1971ರಲ್ಲಿ ಲೀಗಿನ ಅತ್ಯಮೂಲ್ಯ ಆಟಗಾರನೆಂಬ ಮನ್ನಣೆ ಬಂತು.

ಒಮ್ಮೆ ತರಬೇತುದಾರರು ಆಟದ ತಂತ್ರಗಳ ಪುಸ್ತಕವನ್ನು ಗಟ್ಟಿಯಾಗಿ ಓದಿರೆಂದಾಗ ಕೆಲವು ಸಹ ಆಟಗಾರರಿಂದ ಓದಲಾಗಲಿಲ್ಲ. ಕಾಲೇಜು ಕಂಡು ಬಂದವರ ಗತಿ ಇದು! ಪೇಜ್ ಅದನ್ನು ಮರೆಯಲಿಲ್ಲ.

ಆಡುತ್ತಲೇ ಕಾನೂನು ಓದಿ 1978ರಲ್ಲಿ ಪದವೀಧರರಾದರು. 1981ರಲ್ಲಿ ಆಟ ಬಿಟ್ಟಾಗ ವಕೀಲಿ ವೃತ್ತಿ ಕೈಯಲ್ಲಿತ್ತು. 1992ರಲ್ಲಿ ಮಿನ್ನೆಸೋಟದ ಸರ್ವೋಚ್ಚ ನ್ಯಾಯಾಲಯಕ್ಕೆ ಜನರ ಮತದಿಂದಲೇ ಆಯ್ಕೆಯಾದರು. ನ್ಯಾಯಾಧೀಶರೂ ಚುನಾವಣೆಗೆ ನಿಲ್ಲುವುದು ಅಲ್ಲಿನ ಪದ್ಧತಿ. ಆ ಪೀಠವೇರಿದ ಪ್ರಥಮ ಕಪ್ಪು ವರ್ಣೀಯರಾಗಿ, 2015ರಲ್ಲಿ ಎಪ್ಪತ್ತು ತುಂಬುವವರೆಗೂ ಸೇವೆ ಸಲ್ಲಿಸಿದರು.

ಪತ್ನಿ ಡಯೇನ್‌ರೊಡನೆ 1988ರಲ್ಲಿ ಅವರು ಸ್ಥಾಪಿಸಿದ ಶಿಕ್ಷಣ ನಿಧಿ ನನಗಂತೂ ನ್ಯಾಯಪೀಠಕ್ಕಿಂತ ಹಿರಿದಾಗಿ ಕಾಣುತ್ತದೆ. ನೆರವು ಪಡೆದ ಕಾಲೇಜು ವಿದ್ಯಾರ್ಥಿಗೆ ಹಣ ಹಿಂದಿರುಗಿಸುವ ಋಣವಿಲ್ಲ. ಕಿರಿಯ ಮಕ್ಕಳ ಓದಿಗೆ ವರ್ಷಕ್ಕೆ 50 ಗಂಟೆ ಜೊತೆಯಾಗಬೇಕು.