ಹಾದಿಬದಿಯ ಹೂಗಳ ಪೂರ್ವೋತ್ತರ

ಮೊಳಕಾಲ್ಮೂರು ಸೀಮೆಯ ಇತಿಹಾಸವೆಂದೊಡನೆ ಪಂಡಿತರ ದೃಷ್ಟಿಯು ಬಂಡೆಗಳ ಕಡೆಗೆ ಹೊರಳುವುದು. 1892ರಲ್ಲಿ ಬಿ. ಎಲ್. ರೈಸ್ ಮಹಾಶಯರು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಕಂಡುಹಿಡಿದಂದಿನಿಂದ ಇದು ಸಹಜವೇ ಸರಿ. ಹಾದಿಗಳಲ್ಲಿ ಆಲದ ಮರಗಳನ್ನು ನೆಡಿಸಿದೆನೆಂದು ಆ ಚಕ್ರವರ್ತಿಯು ಉತ್ತರದೇಶದ ಒಂದು ಸ್ತಂಭಶಾಸನದಲ್ಲಿ ಹೇಳಿಕೊಂಡಿರುವನು. ಯಾರೂ ನೆಡದೆ, ಯಾರೂ ನೀರೆರೆಯದೆ ಕೊಂಡ್ಲಹಳ್ಳಿಯ ಹಾದಿಗಳ ಇಕ್ಕೆಲಗಳಲ್ಲಿ ಅರಳುವ ಹೂಗಳಿಗೂ ಒಂದು ಚರಿತ್ರೆಯುಂಟು. ಅದನ್ನು ಯಾವ ಅರಸನೂ ಕೆತ್ತಿಸಲಿಲ್ಲ, ಅಷ್ಟೆ.

ಮಳೆ ಕಡಿಮೆಯಾದ ಈ ನಾಡಿಗೆ ಭಾದ್ರಪದ, ಆಶ್ವಯುಜಗಳ ಮಳೆಯೇ ಆಧಾರ. ಆಗ ತುಂಬೆ, ಅಣ್ಣೆ, ಉತ್ತರಾಣಿಗಳು ಮೇಲೇಳುವುವು. ಆದರೂ ಮೊದಲ ಮರ್ಯಾದೆಯು ತಂಗಡಿಗೇ ಸಲ್ಲತಕ್ಕದ್ದು. ಹೊನ್ನಾವರಿಕೆಯೆಂಬ ಹೆಸರೂ ಇದಕ್ಕೆ ಒಪ್ಪುವಂತಹುದೇ. ದನಕರುಗಳು ಸಾಮಾನ್ಯವಾಗಿ ಬಾಯಿಡದ ಈ ಗಿಡಕ್ಕೆ ಮನುಷ್ಯನ ಕತ್ತಿಯು ತಪ್ಪಲಿಲ್ಲ. ದಕ್ಷಿಣದೇಶದಲ್ಲಿ ತೊಗಲನ್ನು ಹದಮಾಡುವುದಕ್ಕೆ ಇದರ ತೊಗಟೆಯೇ ಮುಖ್ಯಸಾಧನವಾಗಿದ್ದಿತು. ಮದರಾಸಿನಿಂದ ಸೀಮೆಗೆ ಹಡಗೇರಿದ ಚರ್ಮಗಳಲ್ಲಿ ಇಂತಹ ಹಾದಿಬದಿಯ ಗಿಡದ ಸಾರವೂ ಇದ್ದಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ದಕ್ಷಿಣ ಆಫ್ರಿಕದಿಂದ ವಾಟಲ್ ಮರದ ತೊಗಟೆಯು ಬರತೊಡಗಿದ ತರುವಾಯ ತಂಗಡಿಯ ಬೇಡಿಕೆಯು ಇಳಿಯಿತು.

ಅಮೆರಿಕದಿಂದ ಬಂದ ಪಾಪಾಸುಕಳ್ಳಿಯ ಕಥೆಯು ಇನ್ನೂ ವಿಚಿತ್ರವಾದುದು. ಕೆಂಪುಬಣ್ಣದ ಆಸೆಯಿಂದ ಕಂಪೆನಿಯವರು 1795ರಲ್ಲಿ ತರಿಸಿದ ಹುಳುವು ಒಳ್ಳೆಯ ಬಣ್ಣವನ್ನು ಕೊಡಲಿಲ್ಲ. ಒಂದು ಜಾತಿಯ ಕಳ್ಳಿಯನ್ನು ಮಾತ್ರ ತಿಂದುಹಾಕಿತು. ವ್ಯಾಪಾರದಲ್ಲಿ ಸೋತು ವ್ಯವಸಾಯಕ್ಕೆ ಉಪಕಾರಮಾಡಿದ ಇಂತಹ ನಿದರ್ಶನಗಳು ಕಂಪೆನಿಯ ಚರಿತ್ರೆಯಲ್ಲಿ ವಿರಳ. ಉಳಿದ ಜಾತಿಯು ಹಳದಿ ಹೂ ಬಿಟ್ಟು, ಕೆಂಪು ಹಣ್ಣು ಹೊತ್ತು, ಬಯಲುಸೀಮೆಯ ಹೊಲಗಳನ್ನೂ ದಾರಿಗಳನ್ನೂ ಆಕ್ರಮಿಸಿತು. 1926ರಲ್ಲಿ ಸಿಂಹಳದಿಂದ ಮತ್ತೊಂದು ಹುಳುವನ್ನು ತಂದು ಬಿಟ್ಟ ಮೇಲೆ ಕೆಲವೇ ವರ್ಷಗಳಲ್ಲಿ ಅದರ ಹಾವಳಿಯು ಅಡಗಿತು.

ತೆರವಾದ ನೆಲವು ಬಹುಕಾಲ ತೆರವಾಗಿ ಉಳಿಯಲಿಲ್ಲ. 1955ರ ಸುಮಾರಿಗೆ ಪುಣೆಯಲ್ಲಿ ಗುರುತಿಸಲ್ಪಟ್ಟ ಪಾರ್ಥೇನಿಯಂ, ನಮ್ಮವರ ಬಾಯಲ್ಲಿ ಕಾಂಗ್ರೆಸ್ ಗಿಡವೆನಿಸಿಕೊಂಡು ಎಲ್ಲೆಡೆಗೂ ಹಬ್ಬಿತು. ಇದರ ಬಿಳಿಯ ಹೂವನ್ನು ಯಾವ ದೇವರಿಗೂ ಏರಿಸುವಂತಿಲ್ಲ. ಮೈಗೆ ತುರಿ, ಉಸಿರಿಗೆ ಉಬ್ಬಸ. ತಾನು ಬೇರೂರಿದಲ್ಲಿ ನೆರೆಯ ಗಿಡಗಳನ್ನು ಏಳಗೊಡದು. ಇದನ್ನು ತಿನ್ನುವ ಮೆಕ್ಸಿಕೊ ದೇಶದ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಮಳೆಗಾಲದಲ್ಲಿ ಅದು ಎಲೆಗಳನ್ನು ಜಾಲರಿಯಂತೆ ಮಾಡಿ, ಒಣಗಾಲದಲ್ಲಿ ಮಣ್ಣೊಳಗೆ ಅಡಗುವುದು. ಆದರೆ ಕಳ್ಳಿಯ ಹುಳು ಮಾಡಿದಷ್ಟು ಕೆಲಸವು ಇದರಿಂದ ಆಗಿಲ್ಲ. ಶಿವಪೂಜೆಗೆ ತುಂಬೆಯನ್ನು ಅರಸುವವರು ಹಾದಿಯನ್ನು ಬಿಟ್ಟು ಹೊಲದ ಬದುವಿಗೆ ಇಳಿಯಬೇಕಾಗಿದೆ.