ಮರಕ್ಕೆ ಕಾಗದದ ಕಾವಲು

ಕೆತ್ತನೆಯ ಚರಿತ್ರೆಯನ್ನು ನಾವು ಬಹುಮಟ್ಟಿಗೆ ಉಳಿಯ ಕಡೆಯಿಂದಲೇ ಬರೆದುಕೊಂಡು ಬಂದಿದ್ದೇವೆ. ಯಾವ ಕಾಲದಲ್ಲಿ ಯಾವ ಮೊನೆ ಬಂತು, ಅದನ್ನು ಹಿಡಿದ ಕೈ ಯಾರದು ಎಂದು ಕೇಳುತ್ತೇವೆ. ಕೆತ್ತುವಾಗ ಕೆಡಬಾರದ ಜಾಗವನ್ನು ಕಾದದ್ದು ಯಾವುದು ಎಂದು ಕೇಳುವವರು ಕಡಿಮೆ. ಅದಕ್ಕೆ ಕಾರಣವೂ ಸರಳ. ಕೆಲಸ ಮುಗಿದ ಮೇಲೆ ಉಳಿಯನ್ನು ಒರೆಸಿ ಎತ್ತಿಡುತ್ತಾರೆ, ಕಾವಲಿಗೆ ಹಾಕಿದ ಹೊದಿಕೆಯನ್ನು ಕಿತ್ತು ಎಸೆಯುತ್ತಾರೆ. ಎಸೆದದ್ದಕ್ಕೆ ಚರಿತ್ರೆ ಉಳಿಯುವುದು ಕಷ್ಟ.

ನನಗೆ ಈ ಹೊದಿಕೆಯ ಬಗ್ಗೆ ಕುತೂಹಲ ಹುಟ್ಟಿಸಿದ್ದು ಲೇಸರ್ ಕೆತ್ತನೆ. ಮನೆಯ ಹೆಸರಿನ ಫಲಕ, ಸನ್ಮಾನದ ನೆನಪಿನ ಕಾಣಿಕೆ, ಮದುವೆಯ ಉಡುಗೊರೆಯ ಪೆಟ್ಟಿಗೆ ಎಲ್ಲವೂ ಈಗ ಲೇಸರಿನ ಕೆಳಗೆ ಹಾದು ಬರುತ್ತವೆ. ಬೆಳಕು ಬೀಳುವ ಮುನ್ನ ಹಲಗೆಯ ಮೇಲೆ ಏನನ್ನಾದರೂ ಅಂಟಿಸುವುದು ರೂಢಿ. ಏನನ್ನು ಅಂಟಿಸಬೇಕು ಎಂಬುದು ಅಂಗಡಿಯವರ ಮಟ್ಟಿಗೆ ಚಿಲ್ಲರೆ ವಿಷಯ. ಆದರೆ ಆ ಆಯ್ಕೆಯ ಹಿಂದೆ ಐನೂರು ವರ್ಷಗಳಿಗೂ ಹಳೆಯದಾದ ಒಂದು ಕಥೆಯಿದೆ, ಅದರ ಮುಂದೆ ಕೆಲಸಗಾರನ ಶ್ವಾಸಕೋಶದ ಪ್ರಶ್ನೆಯಿದೆ.

ಮೊದಲು ಹಲಗೆಯ ಮೇಲೆ ನಡೆಯುವುದೇನೆಂದು ನೋಡೋಣ. ಲೋಹಕ್ಕೆ ಕಾವು ಕೊಟ್ಟರೆ ಕರಗುತ್ತದೆ. ಮರ ಕರಗುವುದಿಲ್ಲ, ಒಡೆದು ಬೇರೆ ಪದಾರ್ಥವಾಗುತ್ತದೆ. ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಅದರ ಒಂದೊಂದೇ ಅಂಶ ವಿಘಟಿಸತೊಡಗುತ್ತದೆ. ಲೇಸರಿನ ಚುಕ್ಕೆ ಬಿದ್ದಲ್ಲಿ ಕಾವು ಇದಕ್ಕಿಂತ ಎಷ್ಟೋ ಹೆಚ್ಚು, ಹಾಗಾಗಿ ಮರ ಕ್ಷಣದಲ್ಲಿ ಆವಿ, ಹೊಗೆ, ಇದ್ದಿಲು ಆಗಿಬಿಡುತ್ತದೆ. ಹೊಗೆಯಲ್ಲಿ ಡಾಂಬರಿನಂಥ ಜಿಗುಟು ಇರುತ್ತದೆ. ಅದು ಪಕ್ಕದ ತಣ್ಣನೆಯ ಮರದ ಮೇಲೆ ಇಳಿದು, ಸೂಕ್ಷ್ಮ ರಂಧ್ರಗಳಿಗೆ ಹೊಕ್ಕು ಹಳದಿ-ಕಂದು ಕಲೆಯಾಗಿ ನಿಲ್ಲುತ್ತದೆ. ಬೀಟೆಯಂಥ ಕಪ್ಪು ಮರದಲ್ಲಿ ಇದು ಅಷ್ಟಾಗಿ ಕಾಣದು. ಹಾಲೆ ಮರದಂಥ ಬಿಳಿಚು ಮರದಲ್ಲಿ ಎದ್ದು ಕಾಣುತ್ತದೆ. ಒರೆಸಿದರೆ ಹರಡುತ್ತದೆ, ಉಪ್ಪುಕಾಗದ ಹಾಕಿ ತಿಕ್ಕಿದರೆ ಅಕ್ಷರದ ಅಂಚೇ ಸವೆಯುತ್ತದೆ.

ಬೇಕಾದ ಕಡೆ ಮಾತ್ರ ಕಪ್ಪು ಕೂರಬೇಕು, ಉಳಿದ ಕಡೆ ಕೂರಬಾರದು ಎಂಬುದು ನಮಗೆ ಹೊಸ ಸಮಸ್ಯೆಯಲ್ಲ. ತಾಳೆಗರಿಯ ಮೇಲೆ ಬರೆದವರು ಅದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಗರಿಯನ್ನು ಬೇಯಿಸಿ, ಒಣಗಿಸಿ, ಉಜ್ಜಿ ನುಣುಪು ಮಾಡುತ್ತಿದ್ದರು. ಕಬ್ಬಿಣದ ಕಂಟದಿಂದ ಅಕ್ಷರ ಕೊರೆದು, ಮೇಲೆ ದೀಪದ ಮಸಿಯನ್ನು ಬಳಿದು ಒರೆಸುತ್ತಿದ್ದರು. ಮಸಿ ಗೀರಿನಲ್ಲಿ ಉಳಿದು, ನುಣುಪು ಮೈಯಿಂದ ಹೊರಟುಹೋಗುತ್ತಿತ್ತು. ಅಲ್ಲಿ ಗರಿಯ ಮೈಯೇ ಕಾವಲು, ಬೇರೆ ಹೊದಿಕೆ ಬೇಕಿರಲಿಲ್ಲ. ಕಡಿದ ಮರಕ್ಕೆ ಆ ಭಾಗ್ಯವಿಲ್ಲ. ಹತ್ತರಿ ಹೊಡೆದ ಹಲಗೆಯ ಮೈಯೆಂದರೆ ನೀರು ಹರಿಸುತ್ತಿದ್ದ ಕೊಳವೆಗಳು ಬಾಯಿ ತೆರೆದುಕೊಂಡ ಮೈ. ಬಂದದ್ದನ್ನೆಲ್ಲ ಅದು ಕುಡಿಯುತ್ತದೆ.

ಬೇರೆಯಾಗಿ ತಂದು ಹೊದಿಸುವ ಕಾವಲಿನ ಕಥೆಯನ್ನು ಯುರೋಪಿನಲ್ಲಿ ಹುಡುಕಿದರೆ ಅದು ಯುದ್ಧಕವಚ ಮಾಡುವವರ ಕಾರ್ಖಾನೆಗೆ ಕರೆದೊಯ್ಯುತ್ತದೆ. 15ನೆಯ ಶತಮಾನದಲ್ಲಿ ಅವರು ಉಕ್ಕಿನ ಮೇಲೆ ಮೇಣ ಅಥವಾ ವಾರ್ನಿಶ್ ಬಳಿದು, ಬೇಕಾದ ಕಡೆ ಅದನ್ನು ಗೀರಿ ತೆಗೆದು, ಆಮ್ಲ ಸುರಿಯುತ್ತಿದ್ದರು. ತೆರೆದ ಲೋಹವನ್ನು ಆಮ್ಲ ತಿನ್ನುತ್ತಿತ್ತು, ಮುಚ್ಚಿದ್ದನ್ನು ಮುಟ್ಟುತ್ತಿರಲಿಲ್ಲ. ಆಗ್ಸ್‌ಬರ್ಗ್‌ನಲ್ಲಿ ಕವಚಗಳನ್ನು ಹೀಗೆ ಅಲಂಕರಿಸುತ್ತಿದ್ದ ಡೇನಿಯಲ್ ಹಾಪ್ಫರ್ 1500ರ ಆಸುಪಾಸಿನಲ್ಲಿ ಇದೇ ವಿದ್ಯೆಯಿಂದ ಕಾಗದದ ಮೇಲೆ ಚಿತ್ರ ಮುದ್ರಿಸತೊಡಗಿದ. ಆಲ್ಬ್ರೆಕ್ಟ್ ಡ್ಯೂರರ್ 1515ರಿಂದ 1518ರ ನಡುವೆ ಕಬ್ಬಿಣದ ತಗಡುಗಳ ಮೇಲೆ ಇಂಥ ಆರು ಚಿತ್ರಗಳನ್ನು ಮಾಡಿದ. ಆ ಹೊದಿಕೆಗೆ ಎರಡು ಗುಣ ಬೇಕಿತ್ತು: ಆಮ್ಲಕ್ಕೆ ಬಗ್ಗಬಾರದು, ಸೂಜಿಗೆ ಬಗ್ಗಬೇಕು. ಜೇನುಮೇಣ, ರಾಳ, ಕಲ್ಲರಗುಗಳನ್ನು ಹದವಾಗಿ ಬೆರೆಸುವುದೇ ಒಂದು ವಿದ್ಯೆಯಾಯಿತು.

ಮರಗೆತ್ತನೆಯವರಿಗೆ ಮಾತ್ರ ಈ ಗೋಜು ಇರಲಿಲ್ಲ. ಕೈಯ ಉಳಿ ಹೊಗೆ ಕಾರುವುದಿಲ್ಲ, ಇಟ್ಟ ಜಾಗ ಬಿಟ್ಟು ಆಚೆ ತಿನ್ನುವುದಿಲ್ಲ. ಆಮ್ಲಕ್ಕೆ ಮತ್ತು ಬೆಂಕಿಗೆ ಆ ಸಂಯಮ ಇಲ್ಲ. ಬೆಂಕಿಯೇ ಉಳಿಯಾಗಿ ಬಂದ ಮೇಲೆ ಮರಕ್ಕೂ ಹೊದಿಕೆ ಬೇಕಾಯಿತು.

ಆ ಬೆಂಕಿ ಬಂದದ್ದು ತೀರ ಈಚೆಗೆ. 1960ರ ಮೇ 16ರಂದು ಕ್ಯಾಲಿಫೋರ್ನಿಯಾದ ಮಾಲಿಬುವಿನಲ್ಲಿ ಥಿಯೊಡೋರ್ ಮೈಮನ್ ಮಾಣಿಕ್ಯದ ಹರಳಿನಿಂದ ಮೊದಲ ಲೇಸರ್ ಬೆಳಗಿಸಿದರು. ಮರಕ್ಕೆ ಹೊಂದುವ ಲೇಸರ್ ಬಂದದ್ದು 1964ರಲ್ಲಿ, ಬೆಲ್ ಲ್ಯಾಬ್ಸ್‌ನಲ್ಲಿ. ಅದನ್ನು ಕಂಡುಹಿಡಿದವರು ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿ ಪುಣೆಯಲ್ಲಿ ಎಂಜಿನಿಯರಿಂಗ್ ಓದಿದ ಕುಮಾರ್ ಪಟೇಲ್. ಅವರ ಇಂಗಾಲದ ಡೈಆಕ್ಸೈಡ್ ಲೇಸರಿನ ಬೆಳಕು ಕಣ್ಣಿಗೆ ಕಾಣದು. ಅದರ ಮುಖ್ಯ ತರಂಗಾಂತರ 10.6 ಮೈಕ್ರೋಮೀಟರ್. ಮರ, ಕಾಗದ, ಚರ್ಮ, ಬಟ್ಟೆ ಎಲ್ಲವೂ ಈ ಬೆಳಕನ್ನು ಚೆನ್ನಾಗಿ ಹೀರಿಕೊಂಡು ಬಿಸಿಯಾಗುತ್ತವೆ. 1967ರಲ್ಲಿ ಇಂಗ್ಲೆಂಡಿನಲ್ಲಿ ಪೀಟರ್ ಹೋಲ್ಡ್‌ಕ್ರಾಫ್ಟ್ ಈ ಬೆಳಕಿನ ಜೊತೆಗೆ ಆಮ್ಲಜನಕವನ್ನು ಊದಿ ಉಕ್ಕನ್ನು ಕತ್ತರಿಸಿ ತೋರಿಸಿದರು. ಇಂದು ಮರ ಕೆತ್ತುವ ಯಂತ್ರಗಳ ಮೂತಿಯಲ್ಲಿ ಬೀಸುವುದು ಬರಿಯ ಗಾಳಿ. ಹೊಗೆ ಹಲಗೆಯ ಮೇಲೆ ಕೂರುವ ಮುನ್ನ ಓಡಿಸುವುದು ಅದರ ಒಂದು ಕೆಲಸ. ಓಡಿಸಿದರೂ ಉಳಿದದ್ದನ್ನು ಹಿಡಿಯಲು ಹೊದಿಕೆ ಬೇಕು.

ಇನ್ನು ಹೊದಿಕೆಗೆ ಬರೋಣ. ಅದು ಲೇಸರಿಗಾಗಿ ಹುಟ್ಟಿದ್ದಲ್ಲ, ಕಾರುಗಳಿಗಾಗಿ ಹುಟ್ಟಿದ್ದು. 1920ರ ದಶಕದ ಅಮೆರಿಕದಲ್ಲಿ ಎರಡು ಬಣ್ಣದ ಕಾರುಗಳ ಮೋಹ ಹಬ್ಬಿತ್ತು. ಒಂದು ಬಣ್ಣ ಹೊಡೆಯುವಾಗ ಇನ್ನೊಂದನ್ನು ಮುಚ್ಚಲು ಬಣ್ಣಗಾರರು ಹಳೆಯ ಪತ್ರಿಕೆಗಳನ್ನು ಅಂಟಿಸುತ್ತಿದ್ದರು. ಕೀಳುವಾಗ ಕಾಗದದ ಜೊತೆ ಬಣ್ಣವೂ ಎದ್ದು ಬರುತ್ತಿತ್ತು. ಸೇಂಟ್ ಪಾಲ್ ನಗರದ 3ಎಂ ಕಂಪನಿ ಆಗ ಮುಖ್ಯವಾಗಿ ಉಪ್ಪುಕಾಗದ ಮಾರುತ್ತಿತ್ತು. ಅದರ ಮಾದರಿಗಳನ್ನು ಪರೀಕ್ಷೆಗೆಂದು ಬಣ್ಣದ ಅಂಗಡಿಗೆ ಒಯ್ಯುತ್ತಿದ್ದ ರಿಚರ್ಡ್ ಡ್ರೂ ಎಂಬ ಪ್ರಯೋಗಾಲಯದ ಸಹಾಯಕ ಬಣ್ಣಗಾರರ ಬೈಗುಳ ಕೇಳಿ, ನಾನು ಇದಕ್ಕೊಂದು ಪಟ್ಟಿ ಮಾಡಿಕೊಡುತ್ತೇನೆ ಎಂದ. 1925ರಲ್ಲಿ ಮಾಡಿದ. ನೆರಿಗೆ ಹಿಡಿದ ಕಾಗದ, ಅದರ ಬೆನ್ನಿಗೆ ಬಡಗಿಗಳ ಅಂಟು, ಅಂಟು ಒಣಗಿ ಬಿಗಿಯದಂತೆ ಗ್ಲಿಸರಿನ್. ಇದೇ ಇಂದಿನ ಮಾಸ್ಕಿಂಗ್ ಟೇಪಿನ ಮೂಲ. ಬಲವಾಗಿ ಅಂಟಿಸುವ ವಸ್ತುಗಳು ಆಗಲೇ ಬೇಕಾದಷ್ಟಿದ್ದವು. ಅಂಟಿ, ಕರೆದಾಗ ತಕರಾರಿಲ್ಲದೆ ಬಿಟ್ಟುಬರುವ ಅಂಟನ್ನು ಮಾಡಿದ್ದು ಡ್ರೂನ ಸಾಧನೆ.

ಈ ಪಟ್ಟಿಯ ಒಂದು ಸಂಗತಿ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಕಾಗದವೆಂದರೆ ಹೆಚ್ಚಾಗಿ ಮರದ ತಿರುಳು. ಅದೂ ಸೆಲ್ಯುಲೋಸ್, ಹಲಗೆಯೂ ಬಹುಪಾಲು ಸೆಲ್ಯುಲೋಸ್. ಕಾಗದದ ಹೊದಿಕೆಯನ್ನು ಲೇಸರ್ ಸುಟ್ಟಾಗ ಬರುವ ಹೊಗೆ ಮರವನ್ನು ಸುಟ್ಟಾಗ ಬರುವ ಹೊಗೆಯ ಜಾತಿಯದೇ. ಆ ಹೊಗೆ ಒಳ್ಳೆಯದೆಂದಲ್ಲ, ಅದನ್ನೂ ಹೊರಗೆ ಹಾಕಲೇಬೇಕು. ಆದರೆ ಹೊದಿಕೆಯಿಂದಾಗಿ ಹೊಸದೊಂದು ವಿಷ ಕೋಣೆಗೆ ಬರುವುದಿಲ್ಲ. ಮರಕ್ಕೆ ಮರವೇ ಕಾವಲು ನಿಂತಂತೆ.

ಮಾಸ್ಕಿಂಗ್ ಟೇಪ್ ಬಂದ ಮರುವರ್ಷ, 1926ರಲ್ಲಿ, ಇನ್ನೊಂದು ಅಂಟಿನ ಹುಡುಕಾಟ ನಡೆದಿತ್ತು. ಬಿ. ಎಫ್. ಗುಡ್‌ರಿಚ್ ಕಂಪನಿಯ ವಾಲ್ಡೋ ಸೆಮನ್ ರಬ್ಬರನ್ನು ಲೋಹಕ್ಕೆ ಅಂಟಿಸುವ ವಸ್ತುವನ್ನು ಹುಡುಕುತ್ತಿದ್ದರು. ಪಾಲಿವಿನೈಲ್ ಕ್ಲೋರೈಡ್ ಎಂಬ ಗಡಸು ವಸ್ತುವನ್ನು ದ್ರಾವಕದಲ್ಲಿ ಕಾಯಿಸಿದಾಗ ಅವರಿಗೆ ಅಂಟು ಸಿಗಲಿಲ್ಲ, ಬಾಗುವ ಮೃದು ಪ್ಲಾಸ್ಟಿಕ್ ಸಿಕ್ಕಿತು. ನಾವು ಪಿವಿಸಿ ಎಂದೂ, ಫಲಕದ ಅಂಗಡಿಗಳಲ್ಲಿ ವಿನೈಲ್ ಎಂದೂ ಕರೆಯುವ ಹಾಳೆ ಇದರದೇ ಸಂತತಿ. ಒಂದು ವರ್ಷದ ಅಂತರದಲ್ಲಿ ಹುಟ್ಟಿದ ಈ ಎರಡು ವಸ್ತುಗಳು ಈಗ ಲೇಸರ್ ಯಂತ್ರದ ಪಕ್ಕದ ಒಂದೇ ಕಪಾಟಿನಲ್ಲಿ ಕೂತಿವೆ. ಯಾವುದನ್ನು ಕೈಗೆತ್ತಿಕೊಳ್ಳುತ್ತೇವೆ ಎಂಬುದೇ ಪ್ರಶ್ನೆ.

ಪಿವಿಸಿಯ ತೂಕದಲ್ಲಿ ಸುಮಾರು 57 ಭಾಗ ಕ್ಲೋರಿನ್. ಲೇಸರಿನ ಕಾವಿಗೆ ಅದು ಹೈಡ್ರೋಜನ್ ಕ್ಲೋರೈಡ್ ಅನಿಲವಾಗಿ ಬಿಡುಗಡೆಯಾಗುತ್ತದೆ. ತೇವ ಸಿಕ್ಕಿದ ಕೂಡಲೇ ಅದು ಹೈಡ್ರೋಕ್ಲೋರಿಕ್ ಆಮ್ಲ. ಮೂಗಿನಲ್ಲಿ, ಗಂಟಲಲ್ಲಿ, ಎದೆಯಲ್ಲಿ ತೇವ ಇದ್ದೇ ಇರುತ್ತದೆ. ಯಂತ್ರದ ಉಕ್ಕಿನ ಹಳಿಗಳೂ ಇದರಿಂದ ತುಕ್ಕು ಹಿಡಿಯುತ್ತವೆ.

ಈ ಅನಿಲಕ್ಕೆ ತನ್ನದೇ ಚರಿತ್ರೆಯಿದೆ. ಉಪ್ಪಿನಿಂದ ಸೋಡಾ ತಯಾರಿಸುವ ವಿಧಾನಕ್ಕೆ ನಿಕೊಲಾ ಲೆಬ್ಲಾಂಕ್ 1791ರಲ್ಲಿ ಫ್ರಾನ್ಸಿನಲ್ಲಿ ಹಕ್ಕುಪತ್ರ ಪಡೆದ. ಮುಂದಿನ ಶತಮಾನದಲ್ಲಿ ಬ್ರಿಟನ್ನಿನ ಸೋಪು, ಗಾಜು, ಬಟ್ಟೆಯ ಉದ್ಯಮಗಳು ಆ ಸೋಡಾದ ಮೇಲೆ ನಿಂತವು. ಕಾರ್ಖಾನೆಯ ಚಿಮಣಿಯಿಂದ ಹೊರಬಿದ್ದ ಹೈಡ್ರೋಜನ್ ಕ್ಲೋರೈಡ್ ಸುತ್ತಲಿನ ಮರಗಳನ್ನೂ ಬೆಳೆಗಳನ್ನೂ ಸುಟ್ಟಿತು. ಜನರ ದೂರು ಹೆಚ್ಚಿ 1863ರಲ್ಲಿ ಆಲ್ಕಲಿ ಕಾಯಿದೆ ಬಂತು. ಈ ಅನಿಲದಲ್ಲಿ ಶೇಕಡಾ 95ನ್ನು ಕಾರ್ಖಾನೆಯೊಳಗೇ ಹಿಡಿದು ನಿಲ್ಲಿಸಬೇಕು ಎಂದು ಅದು ವಿಧಿಸಿತು. ಅದರ ಮೊದಲ ಇನ್ಸ್‌ಪೆಕ್ಟರ್ ಆದ ರಾಬರ್ಟ್ ಆಂಗಸ್ ಸ್ಮಿತ್ ಗಾಳಿ ಮತ್ತು ಮಳೆಯ ಬಗ್ಗೆ ಬರೆದ ಪುಸ್ತಕ 1872ರಲ್ಲಿ ಹೊರಬಂತು. ಆಮ್ಲಮಳೆ ಎಂಬ ಮಾತು ಆ ಪುಸ್ತಕದಲ್ಲಿದೆ.

1872 ಎಂಬ ಈ ವರ್ಷವನ್ನು ನೆನಪಿಡಿ. ಅದೇ ವರ್ಷ ಜರ್ಮನಿಯ ಯೂಜಿನ್ ಬೌಮನ್ ಪಾಲಿವಿನೈಲ್ ಕ್ಲೋರೈಡನ್ನು ಮೊದಲು ವಿವರಿಸಿದ. ಅದೇ ವರ್ಷ ರಸಾಯನಶಾಸ್ತ್ರಜ್ಞ ಬೈಲ್‌ಸ್ಟೈನ್ ವಸ್ತುವಿನಲ್ಲಿ ಕ್ಲೋರಿನ್ ಇದೆಯೇ ಎಂದು ತಿಳಿಯುವ ಸುಲಭದ ಪರೀಕ್ಷೆಯನ್ನು ಪ್ರಕಟಿಸಿದ. ತಾಮ್ರದ ತಂತಿಯನ್ನು ಜ್ವಾಲೆಯಲ್ಲಿ ಕಾಯಿಸಿ, ವಸ್ತುವಿಗೆ ತಾಗಿಸಿ, ಮತ್ತೆ ಜ್ವಾಲೆಗೆ ಹಿಡಿದರೆ, ಕ್ಲೋರಿನ್ ಇದ್ದ ಪಕ್ಷಕ್ಕೆ ಜ್ವಾಲೆ ಹಸಿರಾಗುತ್ತದೆ. ಸಾಸಿವೆಯಷ್ಟು ತುಣುಕು ಸಾಕು, ಬಯಲಿನ ಗಾಳಿಯಲ್ಲಿ ಮಾಡಬೇಕು. ರೋಗವೂ ಅದನ್ನು ಗುರುತಿಸುವ ಉಪಾಯವೂ ಒಂದೇ ವರ್ಷದಲ್ಲಿ ಅಚ್ಚಾದವು. ಒಂದೂವರೆ ಶತಮಾನದ ನಂತರವೂ ಹಾಳೆ ಮಾರುವ ಅಂಗಡಿಯಲ್ಲಿ ಇದು ಯಾವುದರಿಂದ ಮಾಡಿದ್ದು ಎಂದು ಕೇಳಿದರೆ ಉತ್ತರ ಸಿಗುವುದು ಅಪರೂಪ. ನಾನು ಕಂಡ ಒಂದು ಪುಟ್ಟ ಫಲಕದ ಅಂಗಡಿಯಲ್ಲಿ ಕಿಟಕಿ ಮುಚ್ಚಿಕೊಂಡು, ಹೊಳೆಯುವ ಹಾಳೆಯನ್ನು ಹೊದಿಸಿ ಹುಡುಗನೊಬ್ಬ ಕೆಲಸ ಮಾಡುತ್ತಿದ್ದ. ಕಾಗದ ಏಕೆ ಬೇಡ ಎಂದು ಕೇಳಿದೆ. ‘ಇದಾದ್ರೆ ಒಂದೇ ಸಲಕ್ಕೆ ಎದ್ದು ಬರುತ್ತೆ ಸಾರ್’ ಎಂದ.

ಅವನ ಮಾತಿನಲ್ಲಿ ಹುರುಳಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಕಾಗದದ ಹೊದಿಕೆ ಕೆತ್ತನೆಯ ನಂತರ ತುಣುಕು ತುಣುಕಾಗಿ ಉಳಿಯುತ್ತದೆ. ಕನ್ನಡ ಅಕ್ಷರಗಳಲ್ಲಂತೂ ಈ ಕಷ್ಟ ಇಮ್ಮಡಿ. ದ, ಧ, ಥ, ಠಗಳ ಹೊಟ್ಟೆಯೊಳಗೆ, ಒತ್ತಕ್ಷರದ ಸುರುಳಿಯೊಳಗೆ ಸಿಕ್ಕಿಬಿದ್ದ ಕಾಗದದ ನಡುಗಡ್ಡೆಗಳನ್ನು ಉಗುರಿನಿಂದಲೋ ಚಿಮಟದಿಂದಲೋ ಒಂದೊಂದಾಗಿ ಎಬ್ಬಿಸಬೇಕು. ದಿನಕ್ಕೆ ಇಷ್ಟು ಫಲಕ ಎಂಬ ಲೆಕ್ಕದಲ್ಲಿ ದುಡಿಯುವವನಿಗೆ ಆ ಅರ್ಧ ಗಂಟೆಯೆಂದರೆ ಹಣ. ಆದ್ದರಿಂದ ಅವನ ಎದೆಗೂ ಒಗ್ಗುವ, ಅವನ ಸಮಯಕ್ಕೂ ಒಗ್ಗುವ ದಾರಿಯನ್ನು ಹೇಳದೆ ಬರಿಯ ಎಚ್ಚರಿಕೆ ಕೊಟ್ಟರೆ ಪ್ರಯೋಜನವಿಲ್ಲ.

ದಾರಿಗಳಿವೆ. ಫಲಕದ ಕೆಲಸದವರು ಅಕ್ಷರ ವರ್ಗಾಯಿಸಲು ಬಳಸುವ ಅಗಲವಾದ ಕಾಗದದ ಟೇಪನ್ನೇ ಹೊದಿಸಬಹುದು. ಮಧ್ಯಮ ಅಂಟಿನದು ಸಾಮಾನ್ಯ ಮರಕ್ಕೆ ಸಾಕು, ಒರಟು ಮರಕ್ಕೆ ಸ್ವಲ್ಪ ಬಿಗಿಯಾದದ್ದು ಬೇಕು, ತೆಳು ಪದರದ ಪ್ಲೈವುಡ್ಡಿಗೆ ಸಡಿಲವಾದದ್ದು. ಪಟ್ಟಿಯ ಮೇಲೆ ಪಟ್ಟಿ ಬರದಂತೆ ಅಂಚಿಗೆ ಅಂಚು ಕೂಡಿಸಬೇಕು. ಎರಡು ಪದರ ಸೇರಿದಲ್ಲಿ ಬೆಳಕಿನ ಕಸುವು ಕಾಗದಕ್ಕೇ ಖರ್ಚಾಗಿ ಮರದಲ್ಲಿ ಕೆತ್ತನೆ ತೆಳುವಾಗುತ್ತದೆ. ಅಂಚನ್ನು ಒತ್ತಿ ಕೂರಿಸದಿದ್ದರೆ ಹೊಗೆ ಅಡಿಗೆ ನುಗ್ಗುತ್ತದೆ. ಕೆಲಸ ಮುಗಿದೊಡನೆ ಎಳೆಯ ದಿಕ್ಕಿನಲ್ಲಿ ಕೀಳಬೇಕು. ದಿನಗಟ್ಟಲೆ ಬಿಟ್ಟರೆ ಅಂಟು ಮರವನ್ನೇ ಹಿಡಿದುಕೊಳ್ಳುತ್ತದೆ. ಉಳಿದ ನಡುಗಡ್ಡೆಗಳ ಮೇಲೆ ಬಿಗಿ ಅಂಟಿನ ಇನ್ನೊಂದು ಟೇಪ್ ಒತ್ತಿ ಎಳೆದರೆ ಬಹಳಷ್ಟು ಒಟ್ಟಿಗೆ ಎದ್ದು ಬರುತ್ತವೆ.

ತೀರ ಸೂಕ್ಷ್ಮ ಅಕ್ಷರಗಳಿಗೆ, ಛಾಯಾಚಿತ್ರದಂಥ ಕೆತ್ತನೆಗೆ, ಟೇಪಿಗಿಂತ ಹಳೆಯದೊಂದು ಹೊದಿಕೆ ಒಗ್ಗುತ್ತದೆ: ಅರಗು. ಚನ್ನಪಟ್ಟಣದ ಕುಶಲಕರ್ಮಿಗಳು ತಿರುಗುವ ಹಾಲೆ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಕಾವಿಗೆ ಅರಗು ಕರಗಿ ಮರದ ರಂಧ್ರಗಳನ್ನು ಮುಚ್ಚುತ್ತದೆ. ಅದೇ ಅರಗನ್ನು ಶುದ್ಧಮಾಡಿ ಸ್ಪಿರಿಟ್ಟಿನಲ್ಲಿ ಕರಗಿಸಿದರೆ ಅದು ಶೆಲ್ಲ್ಯಾಕ್. ಅದನ್ನು ತೆಳುವಾಗಿ ಬಳಿದು, ಪೂರ್ತಿ ಒಣಗಿಸಿ ಆಮೇಲೆ ಕೆತ್ತಿದರೆ ಹೊಗೆಯ ಜಿಗುಟು ಮೇಲ್ಪದರದಲ್ಲೇ ನಿಲ್ಲುತ್ತದೆ. ಸ್ಪಿರಿಟ್ ತಾಗಿಸಿದ ಬಟ್ಟೆಯಿಂದ ಒರೆಸಿದರೆ ಕಲೆಯೂ ಹೋಗುತ್ತದೆ. ಒಂದೊಂದಾಗಿ ಎಬ್ಬಿಸಬೇಕಾದ ನಡುಗಡ್ಡೆಯೇ ಇಲ್ಲಿಲ್ಲ. ತಾಳೆಗರಿಗೆ ಸಹಜವಾಗಿದ್ದ ನುಣುಪನ್ನು ಮರಕ್ಕೆ ಎರವಲು ಕೊಟ್ಟಂತೆ ಇದು.

ಹೊದಿಕೆಯನ್ನು ಆಯ್ದುಕೊಳ್ಳುವಾಗ ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತೇವೆ. ಚೆನ್ನಾಗಿ ಅಂಟುತ್ತದೆಯೇ? ಸುಲಭವಾಗಿ ಬಿಡುತ್ತದೆಯೇ? ಈ ಎರಡಕ್ಕೂ ಉತ್ತರ 1925ರಲ್ಲೇ ಸಿಕ್ಕಿದೆ. ಸುಟ್ಟರೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಡ್ರೂ ಕೇಳಿಕೊಳ್ಳಬೇಕಾಗಿರಲಿಲ್ಲ, ಅವನ ಟೇಪನ್ನು ಬೆಂಕಿಗೆ ಒಡ್ಡುವವರು ಯಾರೂ ಇರಲಿಲ್ಲ. ನಮಗೆ ಅದೇ ಮೊದಲ ಪ್ರಶ್ನೆ. ಮೇಣದ ಕಾಲದಿಂದಲೂ ಹೊದಿಕೆಯನ್ನು ಕೆಲಸದ ವಸ್ತುವಿನ ರಕ್ಷಣೆಗೆಂದೇ ಆಯ್ದುಕೊಂಡು ಬಂದಿದ್ದೇವೆ. ಮರ ಕಲೆಯಿಲ್ಲದೆ ಉಳಿಯಬೇಕು, ನಿಜ. ಅದರ ಮುಂದೆ ದಿನವಿಡೀ ಬಗ್ಗಿ ನಿಂತವನ ಉಸಿರೂ ಆ ಕಾವಲಿನೊಳಗೆ ಬರಬೇಕು. ಎಸೆಯುವ ಮುನ್ನ ಆ ಟೇಪಿನ ಚೂರನ್ನು ಒಮ್ಮೆ ತಿರುವಿ ನೋಡಿ: ಮರಕ್ಕೆ ಅಂಟಬೇಕಿದ್ದ ಕಪ್ಪೆಲ್ಲ ಅದರ ಬೆನ್ನ ಮೇಲಿರುತ್ತದೆ.